ಬಿಳಿ ಹೂವಿನ ಕಳೆಗಳನ್ನು ಗುರುತಿಸುವುದು ಹೇಗೆ?

ಮಳೆಗಾಲ ಮುಗಿದು ಅಡಿಕೆಯ ಕೊನೆಕೊಯ್ಲು, ಕಾಫಿಯ ಹಣ್ಣುಕೊಯ್ಲು ಎರಡೂ ಒಟ್ಟಿಗೆ ತಲೆಯ ಮೇಲೆ ಬಂದು ಕೂರುವ ದಿನಗಳಲ್ಲಿ ತೋಟದ ಬೇಲಿ, ರಸ್ತೆಯಂಚು, ಗುಡ್ಡದ ಬುಡಗಳೆಲ್ಲ ಬಿಳಿ ಮತ್ತು ತಿಳಿನೇರಳೆ ಹೂಗಳಿಂದ ತುಂಬಿರುತ್ತವೆ. ನೋಡಲು ಚೆಂದವೇ. ಆದರೆ ಇವೆಲ್ಲವನ್ನೂ ನಮ್ಮಲ್ಲಿ ಅನೇಕರು 'ಯುಪಟೋರಿಯಂ' ಎಂಬ ಒಂದೇ ಹೆಸರಿನಿಂದ ಕರೆದು, ಒಂದೇ ಕತ್ತಿಯಿಂದ ಸವರಿಸಿ, ಮರುವರ್ಷ ಅದೇ ಕೆಲಸಕ್ಕೆ ಮತ್ತೆ ಕೂಲಿ ಕೊಡುತ್ತಿದ್ದೇವೆ. ಹೂವು ಹೋಲುತ್ತದೆಯೇ ಹೊರತು ಗಿಡ ಒಂದೇ ಅಲ್ಲ. ಒಂದನ್ನು ಅಡಗಿಸುವ ಉಪಾಯ ಇನ್ನೊಂದನ್ನು ಬೆಳೆಸುತ್ತದೆ.

ಇವೆಲ್ಲ ಸೇವಂತಿಗೆಯ ಕುಟುಂಬಕ್ಕೆ ಸೇರಿದವು. ಅಮೆರಿಕ ಖಂಡದ ಉಷ್ಣ ಪ್ರದೇಶಗಳಿಂದ ಬಂದವು. ಈ ಕುಟುಂಬದಲ್ಲಿ ನಾವು ಒಂದು ಹೂವು ಎಂದುಕೊಳ್ಳುವುದು ನಿಜವಾಗಿ ಹಲವು ಕಿರುಹೂಗಳ ಕಟ್ಟು. ಸೇವಂತಿಗೆಗೆ ಸುತ್ತಲೂ ಎಸಳುಗಳಿವೆ. ನಾವು ಮೊದಲು ಹೇಳಹೊರಟ ಮೂರು ಕಳೆಗಳಿಗೆ ಅವಿಲ್ಲ. ನೂಲಿನ ಕುಚ್ಚಿನಂತೆ ಮಾತ್ರ ಕಾಣುತ್ತವೆ. ಗೊಂದಲಕ್ಕೆ ಇದೇ ಕಾರಣ. ಆದ್ದರಿಂದ ಹೂವನ್ನು ಬಿಟ್ಟು ಎಲೆ, ವಾಸನೆ ಮತ್ತು ಬೀಜಗಳನ್ನು ನೋಡುವುದು ಲೇಸು.

ನಿಜವಾದ ಯುಪಟೋರಿಯಂ, ಅಂದರೆ ಕೆಲವರು ಕಮ್ಯುನಿಸ್ಟ್ ಗಿಡ ಎನ್ನುವುದು, ಆಳೆತ್ತರ ಮೀರಿ ಪೊದೆ ಕಟ್ಟುವ ಗಿಡ. ಸಸ್ಯಶಾಸ್ತ್ರಜ್ಞರು ಈಗ ಇದನ್ನು ಕ್ರೋಮೊಲೀನಾ ಎಂದು ಕರೆಯುತ್ತಾರೆ. ತೋಟದಲ್ಲಿ ಹಳೆಯ ಹೆಸರೇ ಸಾಕು. ಎಲೆಗಳು ಎದುರುಬದುರು, ತ್ರಿಕೋನಾಕಾರ. ಎಲೆಯನ್ನು ಬೆಳಕಿಗೆ ಹಿಡಿದರೆ ಬುಡದ ಬಳಿಯಿಂದ ತ್ರಿಶೂಲದಂತೆ ಮೂರು ನರಗಳು ಹೊರಟಿರುವುದು ಸ್ಪಷ್ಟವಾಗಿ ಕಾಣುತ್ತದೆ. ಉಜ್ಜಿದರೆ ಕಟುವಾದ ವಾಸನೆ. ನವೆಂಬರ್‌ನಿಂದ ಜನವರಿಯವರೆಗೆ ಹೂ. ಆಮೇಲೆ ಬೀಜ ಗಾಳಿಯಲ್ಲಿ ಹಾರುತ್ತದೆ. ನೆಲಮಟ್ಟಕ್ಕೆ ಸವರಿದರೆ ಬುಡದಿಂದ ಇನ್ನಷ್ಟು ಕವಲೊಡೆದು ಬರುತ್ತದೆ. ನೆಲ ಹಸಿಯಿರುವಾಗಲೇ ಪಿಕಾಸಿಯಿಂದ ಬುಡಸಮೇತ ಕಿತ್ತರೆ ಮಾತ್ರ ಕೆಲಸ ಮುಗಿಯುತ್ತದೆ. ಹೂ ಬರುವ ಮೊದಲು ಕಡಿದ ಇದರ ಸೊಪ್ಪು ಅಡಿಕೆ ಬುಡಕ್ಕೆ ಒಳ್ಳೆಯ ಹಸಿರು ಗೊಬ್ಬರ. ಹಾಗೆಯೇ ಬಿಟ್ಟರೆ ಒಣಗಿದ ಕಡ್ಡಿಗಳು ಬೇಸಿಗೆಯಲ್ಲಿ ಬೆಂಕಿಗೆ ಸೌದೆ. ಬೇಲಿಯ ಪಕ್ಕ ಗುಡ್ಡಬೆಂಕಿ ಕಂಡವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಮೊಣಕಾಲೆತ್ತರದ, ಮೆತ್ತನೆ ರೋಮವಿರುವ, ತಿಳಿನೀಲಿ ಇಲ್ಲವೆ ಬಿಳಿ ಹೂವಿನ ಗಿಡ ಅಜೆರಾಟಂ. ಕೆಲವು ಕಡೆ ನಾಯಿತುಳಸಿ ಎನ್ನುತ್ತಾರೆ. ಆ ಹೆಸರು ಬೇರೆ ಗಿಡಗಳಿಗೂ ಇದೆ. ಎಲೆಯ ಅಂಚು ದುಂಡು ಹಲ್ಲಿನದು, ಉಜ್ಜಿದರೆ ಹೋತದ ವಾಸನೆ. ಇದಕ್ಕೂ ಯುಪಟೋರಿಯಂ ಸಸಿಗೂ ಅನುಮಾನ ಬಂದರೆ ಬಲಿತ ಬೀಜವನ್ನು ಅಂಗೈಯಲ್ಲಿಟ್ಟು ಊದಿ. ಯುಪಟೋರಿಯಂ ಬೀಜಕ್ಕೆ ರೋಮದ ಕುಚ್ಚಿದೆ, ತೇಲಿಹೋಗುತ್ತದೆ. ಅಜೆರಾಟಂ ಬೀಜ ಕಪ್ಪು. ತುದಿಯಲ್ಲಿ ಐದು ಸಣ್ಣ ಹೊಟ್ಟುಗಳಿವೆಯೇ ಹೊರತು ಕುಚ್ಚಿಲ್ಲ. ಇದು ಅಲ್ಪಾಯುಷಿ. ಬೀಜ ಕಟ್ಟುವ ಮೊದಲು ಕೈಯಿಂದ ಕಿತ್ತರೆ ಸಾಕು. ಬೇರುಗಂಟು ಜಂತುಹುಳುವಿಗೆ ಇದು ಆಶ್ರಯ ಕೊಡುವುದರಿಂದ ಕಾಳುಮೆಣಸಿನ ಬುಡದಲ್ಲಿ ಇರಗೊಡಬಾರದು.

ಮೂರನೆಯದರ ವಿಷಯದಲ್ಲಿಯೇ ನಮ್ಮ ಚಿಂತೆ ಹೆಚ್ಚು. ಮೈಕೇನಿಯಾ ಗಿಡವಲ್ಲ, ಬಳ್ಳಿ. ಎಲೆ ಹೃದಯಾಕಾರ, ಹೂಗೊಂಚಲು ಹಸಿರುಮಿಶ್ರಿತ ಬಿಳಿ, ಬಿಡಿಸಿ ನೋಡಿದರೆ ಪ್ರತಿ ಕಟ್ಟಿನಲ್ಲೂ ನಾಲ್ಕೇ ಕಿರುಹೂಗಳು. ನಮ್ಮ ಸದಸ್ಯರೊಬ್ಬರು ಯುಪಟೋರಿಯಂ ಸೊಪ್ಪಿನ ಜೊತೆಗೆ ಇದನ್ನೂ ಕೊಚ್ಚಿ ಅಡಿಕೆ ಬುಡಗಳಿಗೆ ಹಾಕಿಸಿದರು. "ಒಳ್ಳೇ ಸೊಪ್ಪು ಸಿಕ್ಕಿತು ಅಂದ್ಕೊಂಡಿದ್ದೆ ಮಾರಾಯ್ರೇ" ಎಂದು ಈಗ ಹೇಳುತ್ತಾರೆ. ಈ ಬಳ್ಳಿಯ ಒಂದೊಂದು ಗಿಣ್ಣೂ ಬೇರು ಬಿಡಬಲ್ಲದು. ಹತ್ತು ತುಂಡು ಮಾಡಿದರೆ ಹತ್ತು ಬಳ್ಳಿ! ಮೊದಲ ಮಳೆಗೆ ಬುಡಬುಡವೂ ಚಿಗುರಿ, ಮಳೆಗಾಲ ಕಳೆಯುವುದರೊಳಗೆ ಎಳೆ ಕಾಫಿಗಿಡಗಳ ನೆತ್ತಿಯನ್ನು ಮುಚ್ಚಿತ್ತು.

ಮೆಣಸಿನ ಬಳ್ಳಿಯೆಂದು ಮೋಸಹೋಗಿ ಇದನ್ನು ಬಿಡುವುದೂ ಉಂಟು. ಮೆಣಸಿನ ಎಲೆ ದಪ್ಪ, ಗಿಣ್ಣಿಗೆ ಒಂದೇ. ಮೈಕೇನಿಯಾದ್ದು ತೆಳು, ಗಿಣ್ಣಿಗೆ ಎರಡು, ಎದುರುಬದುರು. ಕಂಡ ಕೂಡಲೇ ಬೇರುಸಹಿತ ಸುರುಳಿ ಸುತ್ತಿ ತೆಗೆದು, ಬಂಡೆಯ ಮೇಲೆ ಬಿಸಿಲಿಗೆ ಗರಿಗರಿಯಾಗುವಂತೆ ಒಣಗಿಸತಕ್ಕದ್ದು. ಹಳ್ಳಕ್ಕೆ ಎಸೆದರೆ ಕೆಳಗಿನ ತೋಟದವರಿಗೆ ಕಳಿಸಿದಂತೆ.

ಊಟಿಯ ಕಡೆ ಹೋದವರು ನೇರಳೆ ಬಣ್ಣದ ಕಾಂಡ, ಬಿಳಿ ಹೂವಿನ ಇನ್ನೊಂದನ್ನು ಕಂಡಿರಬಹುದು. ಅದು ಎತ್ತರದ ತಂಪು ಬೆಟ್ಟಗಳದ್ದು, ಅಜೆರಟೈನಾ. ಕುದುರೆಗಳ ಶ್ವಾಸಕೋಶಕ್ಕೆ ವಿಷ.

ಇನ್ನು ಪಾರ್ಥೇನಿಯಂ. ಹೂವು ಬಿಳಿಯೆಂದ ಮಾತ್ರಕ್ಕೆ ಇದನ್ನೂ ಮೇಲಿನವುಗಳ ಜೊತೆ ಸೇರಿಸಬಾರದು. ಎಲೆ ಗಜ್ಜರಿಯ ಎಲೆಯಂತೆ ಸೀಳುಸೀಳು. ಪುಟ್ಟ ಹೂವಿನ ಅಂಚಿನಲ್ಲಿ ಐದು ಕಿರಿ ಎಸಳು. 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ದುಂಬಿಯನ್ನು ಬಿಟ್ಟದ್ದು ಈ ಕಳೆಯನ್ನು ತಿನ್ನಿಸಲೆಂದೇ. ದುಂಬಿ ತಿಂದರೂ ಗಿಡ ಇನ್ನೂ ಇದೆ. ನೆರಳಿನ ತೋಟದೊಳಗೆ ಅಷ್ಟಾಗಿ ಬರದು. ಹೊರಗಿನಿಂದ ತಂದ ಗೊಬ್ಬರ, ಮಣ್ಣುಗಳ ಜೊತೆ ಬಂದು ಕಣದ ಸುತ್ತ ಏಳುತ್ತದೆ. ಮುಟ್ಟಿದವರಲ್ಲಿ ಕೆಲವರಿಗೆ ತುರಿಕೆ, ಚರ್ಮದ ಉರಿ ಹತ್ತಿ ತಿಂಗಳುಗಟ್ಟಲೆ ಕಾಡುವುದುಂಟು. ಇದನ್ನು ಕೀಳಿಸುವ ದಿನ ಆಳುಗಳಿಗೆ ಕೈಗವಸು ಮತ್ತು ತುಂಬುತೋಳಿನ ಅಂಗಿಯನ್ನು ತೋಟದ ಮಾಲೀಕರೇ ಒದಗಿಸಬೇಕು. ಒಮ್ಮೆ ತುರಿಕೆ ಹತ್ತಿದವರನ್ನು ಮತ್ತೆ ಆ ಕೆಲಸಕ್ಕೆ ಕಳಿಸಬಾರದು.