ಅಜ್ಜನ ಜೋಡುನಳಿಗೆ ಬಂದೂಕು: ಮೊದಲು ಚಿಲಕ ನೋಡ್ರಿ

ಶೇಂಗಾಕ್ಕೆ ಹಂದಿ ಬಿತ್ತಂದ್ರೆ ಮಾನ್ವಿ, ದೇವದುರ್ಗ ಕಡೆಯ ಗೆಳೆಯರು ಅಜ್ಜನ ಕಾಲದ ಬಂದೂಕಿನ ಫೋಟೊ ಕಳಿಸಿ, "ಇದು ನಡೀತದೇನು?" ಅಂತ ನನ್ನ ಕೇಳ್ತಾರೆ.

ಜೋಡುನಳಿಗೆ ಬಂದೂಕು ಮುಂದಿನ ಕೀಲಿನ ಮೇಲೆ ಮಡಚುತ್ತದೆ. ಮುಚ್ಚಿದಾಗ ನಳಿಗೆಯನ್ನು ಬಿಗಿಯಾಗಿ ಹಿಡಿಯುವುದು ಒಳಗಿನ ಚಿಲಕ. ಹಳೆಯ ಅಮೆರಿಕನ್ ಎಲ್.ಸಿ. ಸ್ಮಿತ್, ಫಾಕ್ಸ್ ಬಂದೂಕುಗಳಲ್ಲಿ ಇದು ತಿರುಗುವ ಚಿಲಕ; ಸವೆದಷ್ಟೂ ಇನ್ನೊಂಚೂರು ತಿರುಗಿ ಬಿಗಿ ಉಳಿಸುತ್ತದೆ. ಹೊಸದರಲ್ಲಿ ಮೇಲಿನ ಹಿಡಿಕೆ ನಡುಗೆರೆಯ ಬಲಕ್ಕಿರುತ್ತದೆ. ಎಡಕ್ಕೆ ದಾಟಿದ್ದರೆ ಬಹಳ ಸವೆದಿದೆ ಅಂತ ಅರ್ಥ.

ಮುಚ್ಚಿದ ಮೇಲೂ ನಳಿಗೆ ಅಲುಗಾಡಿದರೆ, ಸಂದಿಯಲ್ಲಿ ಬೆಳಕು ಕಂಡರೆ ತೋಟಾ ಹಾಕಲೇಬ್ಯಾಡ್ರಿ. ಸಿಡಿಯುವುದು ನಿಮ್ಮ ಮುಖದ ಹತ್ತಿರವೇ. ಕಬ್ಬಿಣ, ಉಕ್ಕಿನ ಪಟ್ಟಿ ಹೆಣೆದ ಡಮಾಸ್ಕಸ್ ನಳಿಗೆ ಕಪ್ಪುಮದ್ದಿನ ಕಾಲದ್ದು. ಇಂದಿನ ತೋಟಾ ಅದಕ್ಕಲ್ಲ. ರಿಪೇರಿ ಲೈಸೆನ್ಸ್ ಇರುವವರಿಂದ ಮಾತ್ರ.

1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಜ್ಜನ ಲೈಸೆನ್ಸ್ ಮೊಮ್ಮಗನಿಗೆ ತಾನಾಗೇ ಬರೋದಿಲ್ಲ. ಬಂದೂಕನ್ನು ತಡಮಾಡದೆ ಠಾಣೆಯಲ್ಲಿ ಜಮಾ ಮಾಡಿ, ನಂತರ ರಾಯಚೂರಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಲೈಸೆನ್ಸ್ ಸಿಕ್ಕರೂ ಹಂದಿ ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು.

ಫೋಟೊ ತೆಗೆಯೋದಿದ್ರೆ ಹಂದಿ ಕೆಡಿಸಿದ ಹೊಲದ್ದು ತೆಗೀರಿ. ಅರಣ್ಯ ಇಲಾಖೆಗೆ ಬೆಳೆ ಪರಿಹಾರದ ಅರ್ಜಿ ಹಾಕುವಾಗ ಅದು ಉಪಯೋಗಕ್ಕೆ ಬರುತ್ತದೆ.