ಸರಪಳಿಯ ಆರೈಕೆ

ಸಂಡೂರಿನ ಗಣಿಗಳಿಂದ ಹೊಸಪೇಟೆಯ ಕಡೆಗೆ ಅದಿರು ಸಾಗುವ ದಾರಿಯಲ್ಲಿ ಕೆಂಧೂಳು ಗಿಡಮರಗಳನ್ನೂ ವಾಹನಗಳನ್ನೂ ಸಮನಾಗಿ ಮುಸುಕುತ್ತದೆ. ಮೋಟಾರು ಸೈಕಲ್ಲಿನ ಹಿಂಚಕ್ರವನ್ನು ತಿರುಗಿಸುವ ಸರಪಳಿಗೆ ಈ ಧೂಳೇ ಕಡುವೈರಿ.

1880ರಲ್ಲಿ ಹಾನ್ಸ್ ರೆನಾಲ್ಡ್ ಇಂಗ್ಲೆಂಡಿನಲ್ಲಿ ರೂಪಿಸಿದ ಉರುಳೆ ಸರಪಳಿಯ ಕೀಲುಗಳಲ್ಲಿ ಸಣ್ಣ ಕೊಳವೆಯೊಳಗೆ ಉಕ್ಕಿನ ಕಡ್ಡಿ ಹೊರಳುತ್ತದೆ. ಎಣ್ಣೆಯೊಡನೆ ಬೆರೆತ ಧೂಳು ಇವೆರಡನ್ನೂ ಸಾಣೆಯಂತೆ ತೇಯುತ್ತದೆ. ಸರಪಳಿ ಹಿಗ್ಗಿತೆಂದು ಜನ ಹೇಳುವರು. ವಾಸ್ತವವಾಗಿ ಹಿಗ್ಗಿದ್ದು ಉಕ್ಕಲ್ಲ, ಒಂದೊಂದು ಕೀಲಿನ ಅಲ್ಪ ಸವೆತವೂ ಕೂಡಿ ಉದ್ದವಾಗಿ ತೋರುತ್ತದೆ.

1960ರ ದಶಕದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ಜಾವಾ ವಾಹನದಲ್ಲಿ ಸರಪಳಿಗೆ ಪೂರ್ಣ ಕವಚವಿತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಉಳಿದಿರುವ ವಾಹನಗಳ ಆಯುಷ್ಯ ಈಗ ಒಡೆಯರ ಕೈಯಲ್ಲಿದೆ. ಕವಚವು ಧೂಳನ್ನು ತಡೆಯುವಂತೆಯೇ ಸವೆತವನ್ನೂ ಮರೆಮಾಚುತ್ತದೆ. ಆದುದರಿಂದ ಆಗಾಗ ಪರೀಕ್ಷಿಸಬೇಕು.

ಮೊದಲು ಎಂಜಿನ್ ನಿಲ್ಲಿಸಬೇಕು. ಸರಪಳಿಯನ್ನು ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ಕೀಲುಗಳಿಗೆ ಎಣ್ಣೆಯೂಡಬೇಕು. ಮರಳಿ ಜೋಡಿಸುವಾಗ ಕೂಡುಕೊಂಡಿಯ ಕ್ಲಿಪ್ಪಿನ ಮುಚ್ಚಿದ ತುದಿ ಸರಪಳಿ ಚಲಿಸುವ ದಿಕ್ಕಿಗಿರಬೇಕು. ಬಳಿಕ ಚಕ್ರವನ್ನು ಕೈಯಿಂದ ತಿರುಗಿಸಿ, ಸರಪಳಿ ಅತ್ಯಂತ ಬಿಗಿಯಾಗುವ ಸ್ಥಳದಲ್ಲಿ ಸಡಿಲವನ್ನು ಅಳೆಯಬೇಕು. ಅತಿ ಬಿಗಿಯಾದರೆ ಬೇರಿಂಗುಗಳು ಸವೆಯುತ್ತವೆ. ಅತಿ ಸಡಿಲವಾದರೆ ಸರಪಳಿ ಹಲ್ಲುಗಳಿಂದ ಜಾರಿ, ಚಕ್ರವನ್ನೇ ಹಿಡಿದು ನಿಲ್ಲಿಸಿ, ಸವಾರನ ಪ್ರಾಣಕ್ಕೆ ಎರವಾಗಬಹುದು.

ಸರಪಳಿಯ ಬಲವೆಲ್ಲ ಅದರ ಅತಿ ದುರ್ಬಲ ಕೊಂಡಿಯಷ್ಟೇ. ಆ ಕೊಂಡಿಯನ್ನು ದಾರಿಯಲ್ಲಿ ಕಂಡುಕೊಳ್ಳುವುದಕ್ಕಿಂತ ಮನೆಯಂಗಳದಲ್ಲಿ ಕಂಡುಕೊಳ್ಳುವುದು ಲೇಸು.