ಟೋನ್ ಕೊಡ್ರೀ! ಖಾನಾಪುರದ ಮನೆ ಕಂಪ್ಯೂಟರಿಗೆ ಬಂದ ಫ್ಯಾಕ್ಸ್

‘ಹಲೋ, ಫ್ಯಾಕ್ಸ್ ಐತಿ, ಟೋನ್ ಕೊಡ್ರೀ!’ ತೊಂಬತ್ತರ ದಶಕದಲ್ಲಿ ಬೆಳಗಾವಿ, ಖಾನಾಪುರ ಕಡೆಯ ಎಸ್‌ಟಿಡಿ ಬೂತುಗಳ ಮುಂದೆ ನಿಂತವರಿಗೆಲ್ಲ ಈ ಕೂಗು ಪರಿಚಿತ. ಆ ತುದಿಯವರು ಗುಂಡಿ ಒತ್ತಿದರೆ ರಿಸೀವರಿನಲ್ಲಿ ಸಿಳ್ಳಿನಂಥ ಸದ್ದು. ಇತ್ತ ಹಾಳೆ ಮೆಲ್ಲಗೆ ಯಂತ್ರದೊಳಗೆ ಜಾರುತ್ತಿತ್ತು. ಕೊನೆಗೆ ‘ಓಕೆ’ ಎಂದು ಮುದ್ರಿಸಿದ ಚೀಟಿ ಹೊರಬಂದರೆ ಅದನ್ನು ಮೂಲ ಪತ್ರಕ್ಕೆ ಪಿನ್ ಮಾಡಿಟ್ಟು ಮನೆಗೆ ಹೋಗಬಹುದಿತ್ತು. ಹೆಂಚು, ಇಟ್ಟಿಗೆ ವ್ಯಾಪಾರಿಗಳ ಕೊಟೇಶನ್, ವಕೀಲರಿಗೆ ಬೇಕಾದ ಆದೇಶದ ಪ್ರತಿ, ಬಿಡಿ ಸುದ್ದಿಗಾರರು ರಾತ್ರಿಯೊಳಗೆ ಮುಟ್ಟಿಸಬೇಕಾದ ವರದಿ, ಎಲ್ಲವೂ ಹೋಗುತ್ತಿದ್ದುದು ಹೀಗೆಯೇ. ಅದಕ್ಕೂ ಮೊದಲು ಸುದ್ದಿಯ ಲಕೋಟೆ ಬಸ್ಸಿನ ಡ್ರೈವರ್ ಕೈ ಸೇರುತ್ತಿತ್ತು. ಕಣಕುಂಬಿ, ಜಾಂಬೋಟಿ ಕಡೆ ಮಳೆಗೆ ರಸ್ತೆ ಕಟ್ಟಿದರೆ ಸುದ್ದಿಯೂ ಅಲ್ಲೇ ಕಟ್ಟಿಕೊಳ್ಳುತ್ತಿತ್ತು.

ಫ್ಯಾಕ್ಸಿಗೆ ಬೇಕಾದ್ದು ನಂಬಬಹುದಾದ ಟೆಲಿಫೋನ್ ಲೈನು. ಹಳ್ಳಿಗಾಡಿಗೆ ಅಂಥ ಲೈನು ಬಂದ ಕಥೆಯ ಮೊದಲ ಪುಟ ನಮ್ಮ ಬೆಳಗಾವಿ ಜಿಲ್ಲೆಯದೇ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಭಾರತದ ಹಳ್ಳಿಗಳಿಗೆಂದೇ 128 ಪೋರ್ಟುಗಳ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜ್ ರೂಪಿಸಿತು. ಅದಕ್ಕೆ ಎ.ಸಿ. ಕೋಣೆ ಬೇಕಿರಲಿಲ್ಲ, ಧೂಳು ಮತ್ತು ಸೆಕೆಯನ್ನು ಅದು ತಡೆದುಕೊಳ್ಳುತ್ತಿತ್ತು. ಅದು ಮೊಟ್ಟಮೊದಲು ಕೆಲಸಕ್ಕೆ ಇಳಿದದ್ದು 1986ರಲ್ಲಿ, ಕಿತ್ತೂರಿನಲ್ಲಿ. ಚೆನ್ನಮ್ಮನ ಕೋಟೆ ನೋಡಲು ಬರುವ ಶಾಲಾ ಮಕ್ಕಳಿಗೆ ಈ ಸಂಗತಿಯನ್ನೂ ಹೇಳಬೇಕು. ಮುಂದೆ ಊರೂರಿನಲ್ಲಿ ಎದ್ದ ಹಳದಿ ಬೋರ್ಡಿನ ಬೂತುಗಳಿಗೆ ಇಂಥ ಎಕ್ಸ್‌ಚೇಂಜುಗಳೇ ಆಧಾರವಾದವು.

ಫ್ಯಾಕ್ಸ್ ಬೂತಿನಿಂದ ಮನೆಗೆ ಬಂದದ್ದು ಮೋಡೆಮ್ ಮೂಲಕ. ಇಂಟರ್ನೆಟ್ಟಿಗೆಂದು ಕೊಂಡ 56ಕೆ ಮೋಡೆಮ್ಮಿನಲ್ಲೇ ಫ್ಯಾಕ್ಸ್ ಸೌಲಭ್ಯವೂ ಅಡಗಿರುತ್ತಿತ್ತು. ಅದು ಬಹಳ ಮನೆಗಳಿಗೆ ಗೊತ್ತೇ ಇರಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಫ್ಯಾಕ್ಸ್ ತಂತ್ರಾಂಶ ಇದ್ದರೂ ತಾನಾಗಿ ಸ್ಥಾಪನೆ ಆಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಸಿ.ಡಿ. ಹಾಕಿ ಸೇರಿಸಿಕೊಳ್ಳಬೇಕಿತ್ತು. ಆಮೇಲೆ ಅದು ಪ್ರಿಂಟರುಗಳ ಪಟ್ಟಿಯಲ್ಲಿ ಇನ್ನೊಂದು ಪ್ರಿಂಟರಾಗಿ ಕಾಣಿಸಿಕೊಳ್ಳುತ್ತಿತ್ತು. ಪತ್ರ ಟೈಪ್ ಮಾಡಿ, ಪ್ರಿಂಟ್ ಒತ್ತಿ, ‘ಫ್ಯಾಕ್ಸ್’ ಆರಿಸಿ, ನಂಬರ್ ಕೊಟ್ಟರಾಯಿತು.

ಆದರೆ ಮೊದಲ ಪ್ರಯತ್ನದಲ್ಲೇ ‘ನೋ ಡಯಲ್ ಟೋನ್’ ಎಂಬ ಸಂದೇಶ ಬರುವುದಿತ್ತು. ರಿಸೀವರ್ ಎತ್ತಿದರೆ ಟೋನ್ ಸ್ಪಷ್ಟವಾಗಿ ಕೇಳಿಸುತ್ತದೆ, ಕಂಪ್ಯೂಟರ್ ಮಾತ್ರ ಇಲ್ಲವೆನ್ನುತ್ತದೆ. ಮೋಡೆಮ್ ಕೆಟ್ಟಿದೆ ಎಂದು ರಿಪೇರಿಗೆ ಒಯ್ದವರೂ ಇದ್ದರು. ಕೆಟ್ಟಿರುತ್ತಿದ್ದುದು ಏನೂ ಇಲ್ಲ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್‌ನ ಎರಡು ಸ್ವರಗಳ ಜೋಡಿ. ನಮ್ಮದು 25 ಹರ್ಟ್ಸ್‌ನಲ್ಲಿ ಅಲುಗುವ 400 ಹರ್ಟ್ಸ್‌ನ ಸ್ವರ. ಆ ದೇಶದ ಟೋನಿಗೆ ಹೊಂದಿಸಿದ ಮೋಡೆಮ್ ನಮ್ಮ ಟೋನನ್ನು ಗುರುತಿಸುತ್ತಿರಲಿಲ್ಲ, ಅಷ್ಟೇ. ‘ಡಯಲ್ ಟೋನಿಗೆ ಕಾಯು’ ಎಂಬ ಗುರುತನ್ನು ತೆಗೆದರೆ, ಇಲ್ಲವೇ ಮೋಡೆಮ್ಮಿಗೆ ಎಕ್ಸ್3 ಎಂಬ ಆದೇಶ ಕೊಟ್ಟರೆ ಅದು ಕಾಯದೆ ಡಯಲ್ ಮಾಡುತ್ತಿತ್ತು. ಆಮೇಲೆ 1100 ಹರ್ಟ್ಸ್‌ನ ಚುಟುಕು ಬೀಪ್‌ಗಳು, ಆ ಕಡೆಯಿಂದ 2100 ಹರ್ಟ್ಸ್‌ನ ಉತ್ತರ, ವೇಗದ ಬಗ್ಗೆ ಎರಡೂ ಯಂತ್ರಗಳ ಚೌಕಾಸಿ. ಸೆಕೆಂಡಿಗೆ 14,400 ಬಿಟ್‌ಗೆ ಲೈನು ಒಪ್ಪದಿದ್ದರೆ 9,600, ಅದೂ ಆಗದಿದ್ದರೆ ಇನ್ನೂ ಕೆಳಕ್ಕೆ.

ಇನ್ನು ನನಗೆ ಬಹಳ ಮುಖ್ಯವೆನಿಸುವ ಸಂಗತಿಗೆ ಬರುತ್ತೇನೆ. ಆಗ ಕನ್ನಡದ ಒಂದು ಕಡತ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋದರೆ ಓದಲು ಸಿಗುತ್ತದೆಂಬ ಭರವಸೆ ಇರಲಿಲ್ಲ. ಒಬ್ಬರ ಬಳಿ ಶ್ರೀಲಿಪಿ ತಂತ್ರಾಂಶ, ಇನ್ನೊಬ್ಬರ ಬಳಿ ಬರಹ, ಮತ್ತೊಬ್ಬರ ಬಳಿ ನುಡಿ. ಫಾಂಟ್ ಇಲ್ಲದ ಕಡೆ ಪತ್ರವೆಲ್ಲ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ವಿಂಡೋಸಿನಲ್ಲಿ ‘ತುಂಗಾ’ ಎಂಬ ಯೂನಿಕೋಡ್ ಫಾಂಟ್ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ, ಅದು ಬಳಕೆಗೆ ಬರಲು ಇನ್ನೂ ವರ್ಷಗಳು ಹಿಡಿದವು. ಫ್ಯಾಕ್ಸಿಗೆ ಈ ತಂಟೆಯೇ ಇರಲಿಲ್ಲ. ಅದಕ್ಕೆ ಅಕ್ಷರ ಗೊತ್ತಿಲ್ಲ, ಚಿತ್ರ ಮಾತ್ರ ಗೊತ್ತು. ಒಂದು ಸಾಲಿಗೆ 1,728 ಚುಕ್ಕಿ, ಇಷ್ಟು ಬಿಳಿ, ಇಷ್ಟು ಕಪ್ಪು ಎಂದು ಎಣಿಸಿ ಕಳಿಸುತ್ತದೆ. ಅರ್ಜಿ ಕನ್ನಡದ್ದಿರಲಿ ಮರಾಠಿಯದ್ದಿರಲಿ, ಹಾಗೆಯೇ ಹೋಗಿ ಮುಟ್ಟುತ್ತಿತ್ತು. ಎರಡೂ ಭಾಷೆ ದಿನವೂ ಬಳಕೆಯಲ್ಲಿರುವ ಖಾನಾಪುರದಂಥ ಊರಿಗೆ ಇದು ಸಣ್ಣ ಅನುಕೂಲವಲ್ಲ.

ಒಂದು ಎಚ್ಚರ ಮಾತ್ರ ಬೇಕಿತ್ತು. ಫ್ಯಾಕ್ಸಿನ ‘ಸ್ಟ್ಯಾಂಡರ್ಡ್’ ಗುಣಮಟ್ಟದಲ್ಲಿ ಅಡ್ಡಕ್ಕೆ ಇಂಚಿಗೆ 204 ಚುಕ್ಕಿ ಇದ್ದರೆ ಉದ್ದಕ್ಕೆ 98 ಸಾಲು ಮಾತ್ರ. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ಅಕ್ಷರದ ಕೆಳಗೆ ತೂಗುವ ಒತ್ತು, ವಟ್ರಸುಳಿ ಎಲ್ಲ ಕಲೆಸಿಹೋಗಿ ‘ಕ್ತ’ ಯಾವುದು, ‘ಕ್ಕ’ ಯಾವುದು ತಿಳಿಯುವುದಿಲ್ಲ. ‘ಫೈನ್’ ಆರಿಸಿದರೆ ಸಾಲು 196 ಆಗುತ್ತದೆ, ಒತ್ತು ನಿಲ್ಲುತ್ತದೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಫೋನ್ ಬಿಲ್ಲೂ ಏರುತ್ತದೆ. ಆದರೂ ಕನ್ನಡದ ಪುಟಕ್ಕೆ ‘ಫೈನ್’ ಬಿಟ್ಟು ಬೇರೆ ದಾರಿ ಇಲ್ಲ.

ಕಳಿಸುವುದಕ್ಕಿಂತ ತರಿಸಿಕೊಳ್ಳುವುದು ಕಷ್ಟ. ಕಂಪ್ಯೂಟರ್ ಹಗಲು-ರಾತ್ರಿ ಚಾಲೂ ಇರಬೇಕು, ಕರೆಂಟು ಕೈಕೊಡಬಾರದು. ಇಂತಿಷ್ಟು ರಿಂಗಿನ ಮೇಲೆ ತಾನಾಗಿ ಉತ್ತರಿಸು ಎಂದು ಹೊಂದಿಸಿದರೆ ನೆಂಟರ ಕರೆಗೂ ಕಂಪ್ಯೂಟರೇ ಕಿರುಚುತ್ತದೆ. ಮಧ್ಯೆ ಯಾರಾದರೂ ರಿಸೀವರ್ ಎತ್ತಿದರೆ ಪುಟ ಅರ್ಧಕ್ಕೇ ನಿಲ್ಲುತ್ತದೆ. ಎಲ್ಲಕ್ಕಿಂತ ದೊಡ್ಡ ವೈರಿ ಸಿಡಿಲು. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಕರೆಂಟಿನ ಪ್ಲಗ್ ಕಿತ್ತರೂ ಫೋನ್ ತಂತಿ ಕೀಳಲು ಮರೆತರೆ ಮೋಡೆಮ್ ಸುಡುತ್ತಿತ್ತು, ಕೆಲವೊಮ್ಮೆ ಮದರ್‌ಬೋರ್ಡನ್ನೂ ಕರೆದೊಯ್ಯುತ್ತಿತ್ತು.

ಈಗ ಹೊಸದಾಗಿ ಮಾಡಿಕೊಳ್ಳಬೇಕೆನ್ನುವವರಿಗೆ ಹೇಳುವುದಿಷ್ಟು. ವಿಂಡೋಸ್ 11ರಲ್ಲೂ ‘ವಿಂಡೋಸ್ ಫ್ಯಾಕ್ಸ್ ಆ್ಯಂಡ್ ಸ್ಕ್ಯಾನ್’ ಉಳಿದಿದೆ, ಯುಎಸ್‌ಬಿ ಫ್ಯಾಕ್ಸ್ ಮೋಡೆಮ್ ಹಾಕಿದರೆ ಕೆಲಸ ಮಾಡುತ್ತದೆ. ತಾಮ್ರದ ತಂತಿ ಹೋಗಿ ಫೈಬರ್ ಬಂದ ಮನೆಯಲ್ಲಿ ಧ್ವನಿ ಪ್ಯಾಕೆಟ್ಟುಗಳಾಗಿ ಚಲಿಸುತ್ತದೆ. ಮಾತಿನಲ್ಲಿ ಒಂದು ಚೂರು ತಪ್ಪಿದರೆ ಕಿವಿ ಗಮನಿಸದು, ಫ್ಯಾಕ್ಸ್ ಮಾತ್ರ ಕಡಿದುಹೋಗುತ್ತದೆ. ಅದು ಕಡಿಯದಂತೆ ಸಾಗಿಸಲು ಟಿ.38 ಎಂಬ ವಿಧಾನವಿದೆ. ನಿಮ್ಮ ಲೈನಿನಲ್ಲಿ ಅದು ಇದೆಯೇ ಎಂದು ಮೊದಲು ಕೇಳಿ, ಆಮೇಲೆ ಮೋಡೆಮ್ ಕೊಳ್ಳಿ. ಇಲ್ಲವಾದರೆ ವೇಗವನ್ನು 9,600ಕ್ಕೆ ಇಳಿಸಿ ನೋಡಬಹುದು.

ಇದಕ್ಕಿಂತ ತುರ್ತಿನ ಕೆಲಸ ಬೇರೆ ಇದೆ. ಬೂತುಗಳ ಯಂತ್ರದಿಂದ ಬಂದ ನುಣುಪು ಕಾಗದ ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಅದರ ಮೇಲಿನ ಅಕ್ಷರ ಬೆಳಕಿಗೆ, ಬಿಸಿಗೆ, ಪ್ಲಾಸ್ಟಿಕ್ ಕವರಿನ ಸಹವಾಸಕ್ಕೆ ಮಾಸುತ್ತದೆ. ಮನೆಯ ಟ್ರಂಕಿನಲ್ಲಿ ಅಂಥ ಹಾಳೆ ಇದ್ದರೆ ಇವತ್ತೇ ಸ್ಕ್ಯಾನ್ ಮಾಡಿಸಿ. ಕಂಪ್ಯೂಟರಿನಲ್ಲೇ ಫ್ಯಾಕ್ಸ್ ತರಿಸಿಕೊಂಡವರು ಹಳೆಯ ಹಾರ್ಡ್‌ಡಿಸ್ಕ್ ಎಸೆಯುವ ಮೊದಲು ‘ಎಂಎಸ್‌ಫ್ಯಾಕ್ಸ್’ ಎಂಬ ಫೋಲ್ಡರ್ ಹುಡುಕಲಿ. ಒಳಗೆ ಬಂದವೂ ಹೋದವೂ ಟಿಫ್ ಚಿತ್ರಗಳಾಗಿ ಕೂತಿರುತ್ತವೆ. ಅದೇ ಡಿಸ್ಕಿನಲ್ಲಿ ಅಂದು ಟೈಪಿಸಿದ ಕನ್ನಡ ಕಡತ ತೆರೆದರೆ ಇಂದು ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ. ಫ್ಯಾಕ್ಸಾಗಿ ಹೋದ ಅದೇ ಪತ್ರದ ಚಿತ್ರದಲ್ಲಿ ಪ್ರತಿ ಒತ್ತಕ್ಷರವೂ ಇದ್ದಲ್ಲೇ ಇದೆ, ಯಾವ ಫಾಂಟೂ ಇಲ್ಲದೆ ಓದಬಹುದು.